ಹುಣಸೆಹಣ್ಣಿನ ಕಪ್

ವಕ್ಕಲೇರಿ ಕಡೆಯ ಆ ಹಳ್ಳಿಗೆ ಹೋಗಿ ಚನ್ನರಾಯಪ್ಪನ ಮನೆ ಎಲ್ಲಿ ಎಂದರೆ "ಯಾವ ಚನ್ನರಾಯಪ್ಪ?" ಎಂದು ಕೇಳುತ್ತಾರೆ. ವಾಲಿಬಾಲ್ ಚನ್ನರಾಯಪ್ಪ ಎಂದರೆ ಬಾಗಿಲವರೆಗೂ ಬಂದು ಬಿಟ್ಟುಹೋಗುತ್ತಾರೆ. ಹಾಗೆಂದು ಆತ ವಾಲಿಬಾಲ್ ಆಡಿದವನಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಬಾಲ್ ಎತ್ತಲು ಹೋಗಿ ಹೆಬ್ಬೆರಳು ಉಳುಕಿಸಿಕೊಂಡ ಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲ. ಆದರೆ ಟೂರ್ನಮೆಂಟ್ ನಡೆಸುವುದೆಂದರೆ ಪ್ರಾಣ. ರಾಗಿ ಕಟಾವು ಮುಗಿಯುವುದೇ ತಡ, ನೀಲಗಿರಿ ಕಂಬ ಹುಡುಕಿಕೊಂಡು ಹೊರಡುತ್ತಿದ್ದ. ಡೈರಿ ಮುಂದಿನ ಬಯಲಿಗೆ ಟ್ಯಾಂಕರ್ ನೀರು ಹೊಡೆಸಿ ಧೂಳು ಕೂರಿಸುತ್ತಿದ್ದ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಅದನ್ನು ತುಳಿದ ಕೋಳಿಗಳನ್ನೂ ಬೈಯುತ್ತಿದ್ದ. ಫ್ಲೆಕ್ಸಿನಲ್ಲಿ ಊರಿನ ಪ್ರತಿ ಮನೆಯಿಂದ ಒಂದು ಫೋಟೊ ಇರಲೇಬೇಕು. ಇಲ್ಲದಿದ್ದರೆ ಆ ಮನೆಯ ಹಿತ್ತಲಿಗೆ ಬಿದ್ದ ಬಾಲ್ ವಾಪಸ್ ಬರುವುದಿಲ್ಲ ಎಂಬುದು ಅವನು ಅನುಭವದಿಂದ ಕಲಿತ ಪಾಠ.

ಇಷ್ಟೆಲ್ಲ ಇದ್ದೂ ಒಂದು ಕೊರಗಿತ್ತು. ಅವನು ನಡೆಸಿದ ಒಂದು ಫೈನಲ್ಲೂ ಮುಗಿದಿರಲಿಲ್ಲ. ಮೊದಲ ವರ್ಷ ಅತಿಥಿಗಳಿಗೆಲ್ಲ ಶಾಲು ಹೊದಿಸಿ ಮುಗಿಯುವಷ್ಟರಲ್ಲಿ ಕತ್ತಲಾಯಿತು. ಮರುವರ್ಷ ಇದ್ದೊಂದು ಬಾಲ್ ಬಾವಿಗೆ ಬಿತ್ತು. ಹೋದ ವರ್ಷವಂತೂ ನೆಟ್ಟಿನ ಆಚೆ ಈಚೆ ಜಗಳಕ್ಕೆ ನಿಂತ ನಾಯಕರಿಬ್ಬರು "ನಿಮ್ಮಪ್ಪ ಯಾರ್ಲಾ?" ಎಂದು ಕೇಳಿಕೊಂಡರು. ಕೇಳಿದ ಮೇಲೆ ಹತ್ತಿರದ ಸಂಬಂಧವೆಂದು ತಿಳಿದು, ಆಟ ಅಲ್ಲಿಗೇ ಬಿಟ್ಟು, ಎರಡೂ ತಂಡದವರು ಒಂದೇ ಟ್ರ್ಯಾಕ್ಟರ್ ಹತ್ತಿ ಬೀಗರ ಊಟಕ್ಕೆ ಹೋದರು.

ಹೀಗಾಗಿ ಮೊದಲ ವರ್ಷ ತಂದ ಹಿತ್ತಾಳೆಯ ಕಪ್ ಚನ್ನರಾಯಪ್ಪನ ಅಡುಗೆಮನೆಯಲ್ಲೇ ಉಳಿದಿತ್ತು. ಹೆಂಡತಿ ಗಂಗರತ್ನಮ್ಮ ಅದರಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದಳು. ಈ ವರ್ಷದ ಫೈನಲ್ ದಿನವೂ ಹುಣಸೆಹಣ್ಣನ್ನು ತಟ್ಟೆಗೆ ಸುರಿದು, ಅದರಲ್ಲೇ ಒಂದು ಹಿಡಿ ತೆಗೆದು ಕಪ್ ಉಜ್ಜಿ ಕೊಟ್ಟಳು.

"ಈ ಸಲ ಇದು ಮನೆಗೆ ಬಂದ್ರೆ, ಇನ್ಮೇಲೆ ಟೂರ್ನಮೆಂಟ್ ಮಾತೇ ಎತ್ತಲ್ಲ ಕಣೇ. ಆಣೆ" ಎಂದ ಚನ್ನರಾಯಪ್ಪ.

"ಆಣೆ ಆಮೇಲ್ ಮಾಡೀರಂತೆ. ಸಂಜೆ ಬೇಗ ತಂದ್ಬಿಡಿ, ತಟ್ಟೇಲಿಟ್ರೆ ಜಿರಳೆ ಮುತ್ಕೊಂತವೆ."

ಫೈನಲ್ ನಡೆದದ್ದು ಊರಿನ ತಂಡಕ್ಕೂ ಮಾಲೂರಿನ ಇಟ್ಟಿಗೆ ಗೂಡಿನ ಹುಡುಗರಿಗೂ. ತಲಾ ಎರಡು ಸೆಟ್ ಗೆದ್ದರು. ಕೊನೆಯ ಸೆಟ್ಟಿನಲ್ಲಿ ಹದಿನಾಲ್ಕು ಹದಿನಾಲ್ಕು ಸಮ. ಆಗ ಡೈರಿಯ ಸೈರನ್ ಕೂಗಿತು.

ಅಂಪೈರ್ ಕೋದಂಡರಾಮಪ್ಪ ಸೀಟಿ ಊದಿ ಎತ್ತರದ ಸ್ಟೂಲಿನಿಂದ ಇಳಿದುಬಿಟ್ಟ. ಅವನೇ ಡೈರಿ ಸೆಕ್ರೆಟರಿ, ಸಂಜೆಯ ಹಾಲು ಅಳೆದುಕೊಳ್ಳುವವನೂ ಅವನೇ. ಜನರೆಲ್ಲ ಪಂಚೆ ಕೊಡವಿ ಎದ್ದರು. ಊರಿನ ತಂಡದ ಸ್ಮ್ಯಾಶರ್ ಶಿವಕುಮಾರನೂ ಮನೆಗೆ ಹೊರಟ. ಅವನ ಸೀಮೆಹಸು ಬೇರೆ ಯಾರಿಗೂ ಹಾಲು ಕೊಡುತ್ತಿರಲಿಲ್ಲ.

ಮಾಲೂರಿನ ನಾಯಕ ಅನಿಲ್‌ಕುಮಾರ್ ಕಣ್ಣು ಬಿಟ್ಟ. "ಇದೇನಣ್ಣ, ಮ್ಯಾಚ್ ಮಧ್ಯದಲ್ಲಿ?"

"ಟೈಮ್ ಔಟ್" ಎಂದ ಕೋದಂಡರಾಮಪ್ಪ.

"ಟೈಮ್ ಔಟ್ ಅಂದ್ರೆ ಅರ್ಧ ನಿಮಿಷ ಅಲ್ವಾ?"

"ಅದನ್ನ ಹಸುಗಳಿಗೆ ಹೇಳೋಗು."

ಮಾಲೂರಿನ ಟೆಂಪೊ ಡ್ರೈವರ್ ಹಾರ್ನ್ ಹೊಡೆಯತೊಡಗಿದ. "ಬೇಗ ಬನ್ರೋ! ಗೂಡಿಗೆ ಬೆಂಕಿ ಹಚ್ಬೇಕು, ಮೇಸ್ತ್ರಿ ಕಾಯ್ತಾವ್ರೆ!"

ಚನ್ನರಾಯಪ್ಪನಿಗೆ ಮತ್ತೆ ಹುಣಸೆಹಣ್ಣು ತುಂಬಿಕೊಂಡು ಅಡುಗೆಮನೆಯಲ್ಲಿ ಕೂತ ಕಪ್ ಕಣ್ಣಿಗೆ ಕಟ್ಟಿತು. ಓಡಿಹೋಗಿ ಮೈಕ್ ಹಿಡಿದ. "ಯಾರೂ ಮನೆಗೆ ಹೋಗ್ಬೇಡಿ! ಹಸುಗಳನ್ನೇ ಇಲ್ಲಿಗೆ ಹೊಡ್ಕೊಂಬನ್ನಿ!"

ಊರಿನವರಿಗೆ ಇದು ವಿಚಿತ್ರವೆನಿಸಲಿಲ್ಲ. ವಿಚಿತ್ರವೆನಿಸಿದ್ದು ಹಸುಗಳಿಗೆ. ಅವು ಸುಣ್ಣದ ಗೆರೆಯುದ್ದಕ್ಕೂ ಸಾಲಾಗಿ ನಿಂತು ನೆಟ್ಟನ್ನೇ ನೋಡಿದವು. ತಕ್ಕಡಿ ಸ್ಟೂಲಿನ ಪಕ್ಕಕ್ಕೆ ಬಂತು. ಕೋದಂಡರಾಮಪ್ಪ ಬಾಯಲ್ಲಿ ಸೀಟಿ, ಕೈಯಲ್ಲಿ ಲ್ಯಾಕ್ಟೋಮೀಟರ್ ಹಿಡಿದು ಮೇಲೇರಿದ. ಸರ್ವಿಸ್‌ಗೆ ತಯಾರಾಗುವ ಹೊತ್ತಿಗೇ ಶಿವಕುಮಾರನ ಹಸು ಬಕೀಟನ್ನು ಒದ್ದು ಉರುಳಿಸಿತು. ಅವನು ಬಹುಮಾನದ ಮೇಜಿನ ಮೇಲಿದ್ದ ಕಪ್ಪನ್ನೇ ಎಳೆದುಕೊಂಡು ಅದರಲ್ಲೇ ಹಾಲು ಕರೆದ. ನೊರೆ ತುಂಬಿದ ಕಪ್ಪನ್ನು ಮೇಜಿಗಿಟ್ಟು ಅಂಕಣಕ್ಕೆ ಓಡಿದ.

ಮೊದಲ ಪಾಯಿಂಟ್ ಮಾಲೂರಿಗೆ ಹೋಯಿತು. ಇನ್ನೊಂದು ಬಂದರೆ ಕಪ್ ಅವರದೇ. ಅನಿಲ್‌ಕುಮಾರ್ ಎಗರಿ ಹೊಡೆದ ಸ್ಮ್ಯಾಶ್ ಶಿವಕುಮಾರನ ಕೈಗೂ ಸಿಗದೆ ಹಾರಿ, ಅವನ ಹಸುವಿನ ಬೆನ್ನ ಮೇಲೆ ಧಪ್ಪನೆ ಬಿತ್ತು.

"ಔಟ್!" ಎಂದಿತು ಊರು. "ಇನ್!" ಎಂದಿತು ಮಾಲೂರು. "ಏಮಪ್ಪಾ ಇದಿ!" ಎಂದು ಯಾರೋ ತೆಲುಗಿನಲ್ಲೇ ಹಣೆ ಚಚ್ಚಿಕೊಂಡರು.

ಕೋದಂಡರಾಮಪ್ಪ ಸೀಟಿ ತೆಗೆದು ಚನ್ನರಾಯಪ್ಪನ ಕಡೆ ತಿರುಗಿದ. "ವಾಲಿಬಾಲ್ ರೂಲ್ಸಲ್ಲಿ ಹಸು ಇಲ್ಲ. ಬೇಕಾದ್ರೆ ಈ ಪಾಯಿಂಟ್ ಮತ್ತೆ ಆಡಿಸ್ಬೋದು. ನಡೆಸೋನು ನೀನು, ನೀನೇ ಹೇಳಪ್ಪ."

ಅಷ್ಟರಲ್ಲಿ ಟೆಂಪೊ ಸ್ಟಾರ್ಟ್ ಆಯಿತು. ಔಟ್ ಎಂದರೂ, ಮತ್ತೆ ಆಡಿಸಿದರೂ ಆಟ ಮುಗಿಯದೆ ಮಾಲೂರಿನವರು ಅರ್ಧಕ್ಕೇ ಹೋಗುತ್ತಾರೆ. ಇನ್ ಎಂದರೆ ತನ್ನ ಊರೇ ಸೋಲುತ್ತದೆ. ಚನ್ನರಾಯಪ್ಪ ಹಸುವಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅದರ ಗೊರಸು ನೋಡಿದ.

"ಚನ್ರಾಯಣ್ಣ, ಅದು ನಮ್ಮೂರ್ ಹಸು ಕಣಣ್ಣ!" ಶಿವಕುಮಾರ ಗೋಗರೆದ.

"ಅದಕ್ಕೇ ಕಣೋ, ಅದರ ಮಾತು ನಂಬ್ತಿರೋದು. ಮುಂಗಾಲು ಎರಡೂ ಗೆರೆಯೊಳಗಿವೆ. ಇನ್!"

ಸೀಟಿ ಕೂಗಿತು. ಫೈನಲ್ ಮುಗಿಯಿತು. ಚನ್ನರಾಯಪ್ಪನಿಗೆ ಅದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಕಪ್ ಕೊಡುವ ಮುನ್ನ ಹಾಲು ಅಳೆಯಬೇಕಲ್ಲ? ಕೋದಂಡರಾಮಪ್ಪ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡ. ಹುಣಸೆಯ ಹುಳಿ ತಗುಲಿ ಹಾಲು ಒಡೆದಿತ್ತು. "ಇದು ಡೈರಿಗೆ ಬೇಡ" ಎಂದ. ಹಾಗೆಯೇ ಒಡೆದ ಹಾಲಿನ ಸಮೇತ ಚನ್ನರಾಯಪ್ಪ ಕಪ್ಪನ್ನು ಎರಡೂ ಕೈಯಿಂದ ಅನಿಲ್‌ಕುಮಾರನಿಗೆ ಕೊಟ್ಟ. ಟೆಂಪೊ ತಿರುವು ದಾಟುವವರೆಗೂ ನೋಡುತ್ತ ನಿಂತ. ಊರಿನವರೆಲ್ಲ ಅವನಿಗೆ ಬೆನ್ನು ತಿರುಗಿಸಿದರು. ಹಸು ಮಾತ್ರ ಅವನ ಟವೆಲ್ ನೆಕ್ಕುತ್ತಿತ್ತು.

ಮನೆಗೆ ಬಂದಾಗ ಗಂಗರತ್ನಮ್ಮ ತಟ್ಟೆಯ ಮುಂದೆ ಕಾವಲು ಕೂತಿದ್ದಳು. ಅವನ ಬರಿಗೈ ನೋಡಿದಳು.

"ಎಲ್ಲಿ?"

"ಕೊಟ್ಬಿಟ್ಟೆ ಕಣೇ. ಮುಗೀತು. ಪೂರ್ತಿ ಮುಗೀತು!"

ಅವಳು ತಟ್ಟೆಯನ್ನು ನೋಡಿದಳು, ಕಪ್ ಇಲ್ಲದೆ ಖಾಲಿಯಾದ ಗೋಡೆಯ ಗೂಡನ್ನು ನೋಡಿದಳು. "ಅಯ್ಯೋ, ನಿಜವಾಗ್ಲೂ ಕೊಟ್ಬಿಟ್ರಾ?" ಎಂದು ತಟ್ಟೆಯತ್ತ ಬಂದ ಜಿರಳೆಯೊಂದನ್ನು ಅಟ್ಟಿದಳು. ಆಮೇಲೆ ಹೇಳಿದಳು: "ಹೋಗ್ಲಿ ಬಿಡಿ. ಮುಂದಿನ ವರ್ಷ ತರೋವಾಗ ಮುಚ್ಚಳ ಇರೋದ್ ತನ್ನಿ."