ಬೊಟ್ಟಿನಡಿಯ ಹಳದಿ ದೀಪ

ರಾಧಾಮಣಿ ಮೊದಲ ಸಲ ಮುನೀಂದ್ರನ ಗ್ಯಾರೇಜಿಗೆ ಬಂದದ್ದು 2013ರ ಜುಲೈನ ಒಂದು ಶನಿವಾರ ಮಧ್ಯಾಹ್ನ. ಹಳೆಯ ಶಾಲಾ ವ್ಯಾನನ್ನು ತಾನೇ ಓಡಿಸಿಕೊಂಡು ಬಂದು, ಎಂಜಿನ್ ಆರಿಸದೆ ಕೆಳಗಿಳಿದಳು. ಬಳೆಯಲ್ಲಿ ನಾಲ್ಕೈದು ಪಿನ್ನುಗಳು ನೇತಾಡುತ್ತಿದ್ದವು. ಗಾರ್ಮೆಂಟ್ಸ್ ಕೆಲಸ ಬಿಟ್ಟು ಎರಡು ವರ್ಷದ ಹಿಂದೆ ಈ ವ್ಯಾನು ಕೊಂಡಿದ್ದಳಂತೆ.

“ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ವೋ. ದಿನಾ ಬೆಳಿಗ್ಗೆ ಕೆರೆ ಏರಿ ಹತ್ತುವಾಗ ನಿಂತೋಗ್ತಿದೆ ಕಣಪ್ಪ. ಪ್ಲಗ್ಗು, ಫಿಲ್ಟರು ಎಲ್ಲಾ ಹೊಸದು. ಸೋಮವಾರಾನೂ ಲೇಟಾದ್ರೆ ಹನ್ನೊಂದು ಮಕ್ಕಳನ್ನೂ ಬೇರೆ ವ್ಯಾನಿಗೆ ಹಾಕ್ತಾರಂತೆ.”

ಮುನೀಂದ್ರ ಒಳಗೆ ಬಗ್ಗಿ ನೋಡಿದ. ಎಂಜಿನ್ ದೀಪ ಇರಬೇಕಾದ ಕಡೆ ಮೀಟರ್ ಗಾಜಿನ ಮೇಲೆ ದುಂಡನೆಯ ಮೆರೂನ್ ಬೊಟ್ಟು.

“ಇದೇನಕ್ಕಾ, ಮೀಟರಿಗೂ ಬೊಟ್ಟಿಟ್ಟಿದ್ದೀರಾ?”

“ಹಳದಿ ದೀಪ ಹತ್ಕೊಂಡೇ ಇರ್ತಿತ್ತು. ‘ಆಂಟಿ, ವ್ಯಾನ್ ಬ್ಲಾಸ್ಟ್ ಆಗುತ್ತಾ?’ ಅಂತ ಮಕ್ಕಳು ಕೇಳೋವು. ಮುಚ್ಚಿಬಿಟ್ಟೆ.”

ಅವನು ಬೊಟ್ಟು ಕಿತ್ತ. ಎಂಜಿನ್ ಆರಿಸಿ, ಆಕೆಯಿಂದಲೇ ಒಂದು ಪಿನ್ನು ಇಸಿದುಕೊಂಡು, ಸ್ಟೀರಿಂಗ್ ಕೆಳಗಿನ ಸಾಕೆಟ್ಟಿನ ಎರಡು ತೂತಿಗೆ ಸಿಕ್ಕಿಸಿ ಕೀ ತಿರುಗಿಸಿದ. ದೀಪ ಮಿಟುಕತೊಡಗಿತು.

“ಒಂದು ಉದ್ದ, ನಾಲ್ಕು ಗಿಡ್ಡ,” ಎಂದು ಅವನಿಗಿಂತ ಮೊದಲು ಆಕೆಯೇ ಎಣಿಸಿದಳು. “ಹಂಗಂದ್ರೆ?”

ಯಾವ ಮಿಟುಕಿಗೆ ಯಾವ ದೋಷ ಎಂದು ಬರೆದಿದ್ದ, ಗ್ರೀಸ್ ಮೆತ್ತಿದ ಪುಸ್ತಕವನ್ನು ಅವನು ತಿರುವಿದ. “ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಯಾಕೆ ಅಂತ ನಾವೇ ಹುಡುಕ್ಬೇಕು. ಗ್ಯಾಸಲ್ಲಿ ಸರಿಯಾಗಿ ಓಡುತ್ತಾ?”

“ಚೆನ್ನಾಗಿ ಓಡುತ್ತೆ.”

“ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿದೆ?”

“ಒಂದು ಲೀಟರ್ ಇರ್ಬಹುದು. ಸ್ಟಾರ್ಟ್ ಮಾಡೋಕಷ್ಟೇ ತಾನೆ? ಏರಿ ದಾಟೋ ಹೊತ್ತಿಗೆ ಎಂಜಿನ್ ಬಿಸಿಯಾಗಿರುತ್ತೆ, ಆಮೇಲೆ ಗ್ಯಾಸಿಗೆ ಹಾಕ್ತೀನಿ. ನಮ್ ಡ್ರೈವರ್‌ಗಳೆಲ್ಲಾ ಹಂಗೇ ಮಾಡೋದು.”

ಮುನೀಂದ್ರ ಆಕೆಯ ನೀರಿನ ಬಾಟಲಿ ತೆಗೆದು, ತಳದಲ್ಲಿ ಉಳಿದಿದ್ದ ಗುಟುಕು ನೀರನ್ನು ಓರೆ ಮಾಡಿ ತೋರಿಸಿದ. ನೀರು ಒಂದು ಮೂಲೆಗೆ ಸರಿಯಿತು. ಏರು ಹತ್ತುವಾಗ ಟ್ಯಾಂಕಿನಲ್ಲಿ ಪೆಟ್ರೋಲೂ ಹೀಗೇ ಸರಿಯುತ್ತದೆ, ಒಳಗಿರುವ ಪಂಪು ಬರೀ ಗಾಳಿ ಎಳೆಯುತ್ತದೆ. ಆ ಪಂಪನ್ನು ತಣ್ಣಗಿಡುವುದೂ ಪೆಟ್ರೋಲೇ. ಪೆಟ್ರೋಲಿನ ಒತ್ತಡ ಅಳೆಯುವ ಗೇಜು ಜೋಡಿಸಿದರೆ ಮುಳ್ಳು ಅರ್ಧಕ್ಕೂ ಏರಲಿಲ್ಲ. ಎರಡು ವರ್ಷ ಒಣಗಿ ತಿರುಗಿ ಪಂಪು ಸವೆದಿತ್ತು.

ರಾಧಾಮಣಿ ಬಾಟಲಿಯನ್ನು ತಾನೂ ಒಮ್ಮೆ ಓರೆ ಮಾಡಿ ನೋಡಿದಳು. “ಹಂಗಾದ್ರೆ ಕೆಡಿಸಿದ್ದು ನಾನೇ!”

“ಎಲ್ರೂ ಹಿಂಗೇ ಕೆಡಿಸೋದಕ್ಕಾ. ದೀಪಕ್ಕೆ ಬೊಟ್ಟಿಟ್ಟಿದ್ದು ಮಾತ್ರ ನೀವೊಬ್ರೇ.”

ಭಾನುವಾರ ಹೊಸ ಪಂಪು ಕೂತಿತು. ಸೋಮವಾರ ಬೆಳಿಗ್ಗೆ ಮುನೀಂದ್ರನೂ ಪಕ್ಕದ ಸೀಟಿನಲ್ಲಿ ಕೂತ. ತಣ್ಣನೆಯ ಎಂಜಿನ್, ಪೆಟ್ರೋಲಿನಲ್ಲೇ, ಕೆರೆ ಏರಿಯನ್ನು ಒಂದೇ ಉಸಿರಿಗೆ ಹತ್ತಿತು. ದೀಪ ಹತ್ತಲಿಲ್ಲ. ಬೆಲ್ ಹೊಡೆಯುವ ಮೊದಲೇ ಹನ್ನೊಂದು ಮಕ್ಕಳೂ ಶಾಲೆಯ ಗೇಟಿನೊಳಗಿದ್ದರು.

ಈಗ 2019. ರಾಧಾಮಣಿ ಅದೇ ವ್ಯಾನಿನಲ್ಲಿ ಕೋಗಿಲಿನಿಂದ ಹೆಬ್ಬಾಳದ ಶಾಲೆಗೆ ಮಕ್ಕಳನ್ನು ಕರೆದೊಯ್ಯುತ್ತಾಳೆ. ಟ್ಯಾಂಕಿನಲ್ಲಿ ಐದು ಲೀಟರಿಗಿಂತ ಕಡಿಮೆ ಪೆಟ್ರೋಲ್ ಇಡುವುದಿಲ್ಲ.