ಟಿಬ್ಸ್‌ನನ್ನು ಮಾರಲು ಹೊರಟವನು
ಅಮೆರಿಕದ ಏರಿ ಸರೋವರದ ದಂಡೆಯ ಉಕ್ಕಿನ ಊರುಗಳಲ್ಲಿ ಪ್ರತಿ ಬಾರಿನಲ್ಲೂ ಒಬ್ಬ ಚೆಟ್ ಕುಚಾರ್ ಇರುತ್ತಾನೆ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಊರ ತಂಡವನ್ನು ಮೂಲೆಯ ಸ್ಟೂಲಿನಿಂದ ತಾನೇ ನಡೆಸುತ್ತಿದ್ದೇನೆಂದು ನಂಬಿದವನು. ಬಾರಿನಲ್ಲಿ ಮೀನು ಕರಿಯುವ ಶುಕ್ರವಾರ ಒಬ್ಬ ಆಟಗಾರನನ್ನು ಮಾತಿನಲ್ಲೇ ಮಾರುತ್ತಾನೆ, ಭಾನುವಾರ ಚರ್ಚಿನ ಮೆಟ್ಟಿಲಿಳಿಯುವಷ್ಟರಲ್ಲಿ ಇಬ್ಬರನ್ನು ಕೊಂಡಿರುತ್ತಾನೆ. ಈ ವರ್ಷ ನಮ್ಮೂರ ಚೆಟ್‌ನ ಬಾಯಿಗೆ ಸಿಕ್ಕವನು ತಂಡದ ಓಟಗಾರ ಟಿಬ್ಸ್. ಎದುರಾಳಿ ಒದ್ದ ಚೆಂಡನ್ನು ಹಿಡಿದು, ಮೈಮೇಲೆ ನುಗ್ಗುವ ಗೂಳಿಯಂಥ ಆಟಗಾರರ ನಡುವೆ ನುಸುಳಿ ಓಡುವುದೇ ಅವನ ಕೆಲಸ. ತಂಡದವರು ಅವನನ್ನು ದುಡ್ಡು ಸುರಿದು ಉಳಿಸಿಕೊಳ್ಳಬೇಕೋ, ಬೇರೆ ತಂಡಕ್ಕೆ ದಾಟಿಸಬೇಕೋ, ಮಂಗಳವಾರದೊಳಗೆ ತೀರ್ಮಾನವಾಗಬೇಕು. "ಮಾರಿಬಿಡ್ರೋ ಅತ್ಲಾಗೆ. ಪಂದ್ಯಕ್ಕೆ ನಾಕ್ ಸಲ ಓಡೋನಿಗೆ ಅಷ್ಟು ದುಡ್ಡಾ?" ಎನ್ನುತ್ತಾನೆ ಚೆಟ್. "ನಿಮ್ಮಪ್ಪನ ಗಂಟೇನು ಹೋಗೋದು, ಸುಮ್ನೆ ಕುಡಿಯೋ" ಎನ್ನುತ್ತಾಳೆ ಬಾರಿನ ಒಡತಿ ಇರ್ಮಾ. ಆದರೆ ಒದ್ದ ಚೆಂಡು ಗಾಳಿಗೇರಿ, ಇಡೀ ಬಾರು ಉಸಿರು ಬಿಗಿಹಿಡಿದು ಟೀವಿಗೆ ಕಣ್ಣು ನೆಟ್ಟಾಗ, ಚೆಟ್ ಮಾತ್ರ ಬೆನ್ನು ತಿರುಗಿಸಿ, ಟೋಪಿಯನ್ನು ಎದೆಗೊತ್ತಿಕೊಂಡು ಗೋಡೆ ನೋಡುತ್ತಾನೆ. ತನ್ನ ತಂಡಕ್ಕೆ ಓಡುವಾಗ ತಾನು ನೋಡಿದರೆ ಹುಡುಗ ಬೀಳುತ್ತಾನೆಂಬ ಭಯ. ಊರೆಲ್ಲ ಕೊಂಡಾಡುವ ಆ ಓಟವನ್ನು ಅವನು ಒಮ್ಮೆಯೂ ಕಂಡಿಲ್ಲ. ಕಳೆದ ಭಾನುವಾರ ಟಿಬ್ಸ್ ಓಡುತ್ತಿದ್ದಾಗ ಬಾರಿನ ಗದ್ದಲ ಫಕ್ಕನೆ ನಿಂತುಹೋಯಿತು. ಚೆಟ್ ತಿರುಗಲಿಲ್ಲ. "ಎದ್ನಾ?" ಎಂದ. ಟೋಪಿಯನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡ. "ಇರ್ಮಾ, ಎದ್ನಾ ಹೇಳೇ." ಟೀವಿಯಿಂದ ಕಣ್ಣು ತೆಗೆಯದೆ ಅವಳೆಂದಳು, "ಎದ್ದ ಮಾರಾಯ. ಕುಂಟ್ತಾ ಇದಾನೆ, ಆದ್ರೂ ನಡೀತಿದಾನೆ." ಚೆಟ್ ಟೋಪಿ ಹಾಕಿಕೊಂಡು ಗೋಡೆಗೇ ಹೇಳಿದ: "ಅದಕ್ಕೇ ಮಾರಿಬಿಡಿ ಅನ್ನೋದು. ಬೇರೆಯವ್ರಿಗೆ ಓಡೋವಾಗ ಒಂದ್ಸಲನಾದ್ರೂ ಕಣ್ತುಂಬ ನೋಡ್ತೀನಿ."