ಸೀಟಿನ ಮೇಲೆ ಮಡಚಿದ ಕಾಲು

ಟೆಸ್ಟಿನ ದಿನ ನಮ್ಮ ಡ್ರೈವಿಂಗ್ ಸ್ಕೂಲಿನ ಮಾಸ್ಟ್ರು ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ, ಊಟದ ಪಂಕ್ತಿಯಲ್ಲಿ ಕುಳಿತವರಂತೆ ಚಕ್ಕಳಮಕ್ಕಳ ಹಾಕುತ್ತಿದ್ದರು. ಅವರ ಬಿರಿದ ಹಿಮ್ಮಡಿ ಟೆಸ್ಟು ಮಾಡುವ ಆರ್‌ಟಿಒ ಸಾಹೇಬರಿಗೆ ಚೆನ್ನಾಗಿ ಕಾಣಬೇಕು. ಕಲಿಸುವ ಕಾರಿನಲ್ಲಿ ಮಾಸ್ಟ್ರ ಕಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದಲ್ಲ, ಬೇರೆ ಸ್ಕೂಲಿನವರು ಅದನ್ನು ಮೆಲ್ಲ ಒತ್ತಿ ಒತ್ತಿಯೇ ಊರಿಗೆಲ್ಲ ಲೈಸೆನ್ಸ್ ಕೊಡಿಸುತ್ತಿದ್ದರು. ಸಾಹೇಬರು ಟೆಸ್ಟಿನ ಮೈದಾನದ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಸಹಿ ಮಾಡುತ್ತಿದ್ದರು.

ನನಗಾಗ ಲೈಸೆನ್ಸಿನ ತುರ್ತು. ಗಂಡ ದುಬೈಯಲ್ಲಿ. ಅತ್ತೆಯನ್ನು ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ಸಲ ಪೆರ್ಡೂರಿನಿಂದ ಮಣಿಪಾಲಕ್ಕೆ ಕರೆದೊಯ್ಯಬೇಕು. ಒಂಚೂರು ಒತ್ತಿಬಿಡಿ ಎಂದು ಮಾಸ್ಟ್ರಲ್ಲಿ ಅಂಗಲಾಚಿದೆ. ಟೆಸ್ಟಿನಲ್ಲಿ ಏರು ಹತ್ತುವಾಗ ಕಾರು ಹಿಂದಕ್ಕೆ ಜಾರಿತು. ಕೈಬ್ರೇಕ್ ಎಳೆದರೇ ಹೊರತು ಈ ಮನುಷ್ಯ ಕಾಲು ಇಳಿಸಲಿಲ್ಲ. ನಾನು ಫೇಲು.

“ಎಂತ ಮನುಷ್ಯ ಮಾರಾಯ್ರೆ ನೀವು?” ಎಂದು ಎಲ್ಲರೆದುರೇ ಬೈದೆ.

“ಅತ್ತೆಯನ್ನು ಕೂರಿಸಿಕೊಂಡು ಹೋಗುವಾಗ ನನ್ನ ಕಾಲು ಎಲ್ಲಿ ಉಂಟು?” ಎಂದರು.

ಮತ್ತೊಂದು ತಿಂಗಳು, ದಿನಾ ಬೆಳಿಗ್ಗೆ, ಪರ್ಕಳದ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನನ್ನ ಜೀವ ತೆಗೆದರು. ಆಮೇಲೆ ಅತ್ತೆ ಬದುಕಿದ್ದಷ್ಟು ದಿನವೂ ನನ್ನ ಕಾರು ಆ ಏರಿನಲ್ಲಿ ಒಂದಂಗುಲ ಹಿಂದೆ ಜಾರಲಿಲ್ಲ.

ಮುಂದೊಂದು ದಿನ ಅದೇ ಏರಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಟಿಪ್ಪರೊಂದು ಮಾಸ್ಟ್ರನ್ನು ಕೊಂದಿತು. ಹಾಲಿಗೆಂದು ರಸ್ತೆಯ ಬದಿಯಲ್ಲಿ ನಡೆದು ಹೋಗುತ್ತಿದ್ದವರು. ಟಿಪ್ಪರಿಗೆ ಎಫ್‌ಸಿ ಇತ್ತು. ಗಾಡಿ ಓಡಲು ಯೋಗ್ಯವೆಂದು ಅದೇ ಆರ್‌ಟಿಒ ಕಚೇರಿ ಕೊಟ್ಟ ಸರ್ಟಿಫಿಕೇಟು, ಅವಧಿಯೂ ಮುಗಿದಿರಲಿಲ್ಲ. ಕೇಳಲು ಹೋದೆ. ದಾಖಲೆ ಎಲ್ಲ ಸರಿ ಉಂಟು ಎಂದರು. ದಾಖಲೆ ಹಿಡಿದುಕೊಂಡು ಗಾಡಿ ನಿಲ್ಲಿಸಲಿಕ್ಕಾಗುತ್ತದೆಯೇ? ಗಾಡಿ ಪರೀಕ್ಷಿಸುವ ಸಾಹೇಬರನ್ನು ನಮ್ಮ ಕಡೆ ಬ್ರೇಕ್ ಇನ್ಸ್‌ಪೆಕ್ಟರ್ ಎನ್ನುತ್ತಾರೆ. ಬ್ರೇಕ್ ಒತ್ತಿ ನೋಡದವನಿಗೆ ಆ ಹೆಸರು ಯಾಕೆ? ನಾಚಿಕೆಯಾಗಬೇಕು. ಇಡೀ ಆ ಮೈದಾನದಲ್ಲಿ ಕೆಲಸ ಅಂತ ಮಾಡಿದವರು ನಮ್ಮ ಮಾಸ್ಟ್ರೊಬ್ಬರೇ, ಅವರಿಗೆ ಸರಕಾರದ ಸಂಬಳವೂ ಇರಲಿಲ್ಲ.

ಮೊನ್ನೆ ನನ್ನ ಮಗಳ ಟೆಸ್ಟು. ಅವಳ ಸ್ಕೂಲಿನವನು, ಹೆದರುವುದೆಂತಕ್ಕೆ, ಕಾಲಿಡಲು ನಾನಿದ್ದೇನಲ್ಲ ಎಂದ. ನನ್ನ ಮೈಯೆಲ್ಲ ಉರಿಯಿತು. ಬಾಗಿಲು ತೆರೆದು, “ಎರಡೂ ಕಾಲು ಮೇಲೆ ಹಾಕಿ ಕುಳಿತುಕೊಳ್ಳಿ” ಎಂದೆ. ತಮಾಷೆಯೆಂದುಕೊಂಡು ನಕ್ಕ. ನಾನು ಬಾಗಿಲು ಬಿಡಲಿಲ್ಲ. ಕೊನೆಗೆ ಶೂ ಬಿಚ್ಚಿದ.

ಮಗಳು ಫೇಲಾದಳು. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ. ನಾಳೆ ಬೆಳಿಗ್ಗೆ ಎಬ್ಬಿಸಿ ಪರ್ಕಳದ ಏರಿಗೆ ಕರೆದುಕೊಂಡು ಹೋಗುತ್ತೇನೆ.